ಒಬ್ಬಾಕಿಯ ಡೇರೆಗೆ ನಾಲ್ಕು ಕಿಟಕಿ

ಪಾರ್ವತಿನಗರ

ನೇಪಾಳಕ್ಕೆ ಹೋಗಲು ನಮ್ಮ ದೇಶದವರಿಗೆ ಪಾಸ್‌ಪೋರ್ಟ್ ಬೇಡ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಬೇಕಾಯಿತು. ಅದನ್ನು ಕೊಡುವ ಕಚೇರಿ ಬಳ್ಳಾರಿಯ ಪಾರ್ವತಿನಗರದಲ್ಲಿ, ನಮ್ಮದೇ ಮನೆಯ ಪಡಸಾಲೆಯಲ್ಲಿತ್ತು. ಅಲ್ಲಿನ ಏಕೈಕ ಅಧಿಕಾರಿ ನಮ್ಮಪ್ಪ.

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ವರ್ಷಾ ವರ್ಷಾ ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಹಿಮಾಲಯ ಬರೆಯುವುದು, ಗಂಟೆ ಬಾರಿಸಿದೊಡನೆ ಅಳಿಸುವುದು. ಅಷ್ಟು ದೊಡ್ಡ ಪರ್ವತ ನನ್ನ ಪಾಲಿಗೆ ಸೆರಗಿನ ಮೇಲೆ ಉದುರಿದ ಪುಡಿಯಾಗಿ ಉಳಿದಿತ್ತು. ಒಮ್ಮೆಯಾದರೂ ಅದರ ಮೇಲೆ ಕಾಲಿಡಬೇಕು; ಅದೂ ಯಾತ್ರೆಯವರ ಗುಂಪಿನಲ್ಲಿ ಅಲ್ಲ, ನನ್ನ ಡೇರೆ ನಾನೇ ಹೊತ್ತು, ನನಗೆ ಬೇಕಾದಲ್ಲಿ ನಿಂತು, ಬೇಡವಾದಲ್ಲಿ ಎದ್ದು ನಡೆಯಬೇಕು ಎಂಬ ಹುಚ್ಚು ಹತ್ತಿತ್ತು. ದಸರಾ ರಜೆಗೆ ಹೋಗುತ್ತೇನೆ ಎಂದು ಬೇಸಿಗೆಯಲ್ಲೇ ಮನೆಯಲ್ಲಿ ತಿಳಿಸಿದೆ. ಕೇಳಲಿಲ್ಲ, ತಿಳಿಸಿದೆ.

"ಅಲ್ಲಿ ಜ್ವಾಳ ಸಿಗತಾವೇನು?" ಎಂದು ಅವ್ವ ಕೇಳಿದಳು. ಸಿಗುವುದಿಲ್ಲ ಎಂದೆ. ಹಾಗಿದ್ದರೆ ಖಡಕ್ ರೊಟ್ಟಿ ಬಡಿದು ಕಟ್ಟುತ್ತೇನೆ ಎಂದು ಹೇಳಿ ಆಕೆ ಒಳಗೆ ಹೋದಳು. ಆಕೆಯ ಕಡೆಯಿಂದ ವಿಚಾರ ಅಲ್ಲಿಗೇ ಮುಗಿಯಿತು.

ಅಪ್ಪ ಮಾತ್ರ ಎಲೆ ಅಡಿಕೆ ಡಬ್ಬಿ ಮುಚ್ಚಿಟ್ಟ. "ಯಾರ ಜೋಡಿ ಹೋಗ್ತಿ?"

"ಒಬ್ಬಾಕಿನ."

"ಒಬ್ಬಾಕಿನಾ?"

ಆ ಕೊನೆಯ ದೀರ್ಘವನ್ನು ಅಪ್ಪ ಎಳೆದ ರೀತಿಯಲ್ಲಿ ನನ್ನ ಇಡೀ ಹಿಮಾಲಯ ಅಲ್ಲಾಡಿತು. ಅಪ್ಪನದು ಹತ್ತಿ ಅಡತಿ ವ್ಯಾಪಾರ. ಬಾಯಿಮಾತಿನ ಮೇಲೆ ಗಾಡಿಗಟ್ಟಲೆ ಹತ್ತಿ ತಗೊಂಡು ಕೊಟ್ಟು ಮಾಡುವವನು. ಒಮ್ಮೆ ಆಡಿದ ಮಾತನ್ನು ತಿರುಗಿಸಿದವನಲ್ಲ. ಈಗ ತನ್ನ ಷರತ್ತು ಹೇಳಿದ.

"ನಮ್ಮ ಜಿಲ್ಲಾದಾಗ ಎಲ್ಲ್ಯಾರ ಬಯಲಾಗ ಡೇರಿ ಹಾಕು. ಒಂದು ರಾತ್ರಿ ಒಬ್ಬಾಕಿನ ಇದ್ದು ಬಾ. ಹತ್ರ ಒಂದು ನರಪಿಳ್ಳಿ ಇರಬಾರದು. ಇದ್ದು ಬಂದ್ರ ನೇಪಾಳಲ್ಲ, ಚಂದ್ರಲೋಕಕ್ಕ ಹೋಗು, ಬ್ಯಾಡನ್ನಂಗಿಲ್ಲ. ಆದ್ರ ಮುಂಗಾರು ಹಿಡಿಯೋದ್ರಾಗ ಆಗಬೇಕು. ಆಗಲಿಲ್ಲಂದ್ರ ಈ ಮಾತು ಈ ಮನ್ಯಾಗ ಮತ್ತ ಬರಬಾರದು."

ನಾನು ಒಳಗೊಳಗೇ ನಕ್ಕೆ. ಬಳ್ಳಾರಿ ಜಿಲ್ಲೆಯ ತುಂಬ ಗುಡ್ಡ, ಬಂಡೆ, ಬಯಲು. ಇಲ್ಲಿ ಒಬ್ಬಳೇ ಇರುವುದೇನು ಮಹಾ ಎಂದುಕೊಂಡು ತಕ್ಷಣ ಒಪ್ಪಿದೆ.

ಕೌಲ್ ಬಜಾರ್

ಆಗ ನಮ್ಮೂರಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವವರೆಂದರೆ ಇಬ್ಬರೇ: ಮಿಲಿಟರಿಯವರು ಮತ್ತು ಹಂಪಿಗೆ ಹೋಗುವ ಹಿಪ್ಪಿಗಳು. ಇಬ್ಬರ ಚೀಲವೂ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಹಾಗಾಗಿ ಮದುವೆ ಚಪ್ಪರದ ಶಾಮಿಯಾನ ಹೊಲಿಯುವ ಖಾಸಿಂ ಸಾಬರ ಬಳಿ ಹೋದೆ. ಅವರು ನನ್ನ ತಲೆಯಿಂದ ಕಾಲಿನವರೆಗೆ ಟೇಪು ಹಿಡಿದು ಅಳೆದರು. ಚೀಲ ಎರಡು ದಿನದಲ್ಲಿ ಆಯಿತು. ಚರ್ಚೆಯೆಲ್ಲ ನಡೆದದ್ದು ಡೇರೆಯ ಮೇಲೆ.

"ಕಿಟಕಿ ಎಷ್ಟಿಡ್ಲಿ?" ಎಂದರು.

"ಕಿಟಕಿ ಯಾಕ್ರಿ? ಹಿಮ ಬೀಳೋ ಕಡೆಗೆ ಹೋಗಾಕಿ ನಾನು."

"ಬರ್ಫ್ ಬೀಳಲಿ ಬಿಡಲಿ, ಮನಷ್ಯಾಗ ಗಾಳಿ ಬೇಕಲ್ರಿ ಅಮ್ಮಾ. ಕಿಟಕಿ ಇಲ್ಲದ ಡೇರಿ ಅಂದ್ರ ಒಲಿ. ಒಳಗ ಬದನಿಕಾಯಿ ಸುಟ್ಟಂಗ ಸುಟ್ಟು ಹೋಗ್ತೀರಿ."

ಮೇ ತಿಂಗಳ ಮಟಮಟ ಮಧ್ಯಾಹ್ನ. ಅವರ ಹಣೆಯ ಬೆವರು ಹೊಲಿಗೆ ಯಂತ್ರದ ಮೇಲೆ ತೊಟ್ಟಿಕ್ಕುತ್ತಿತ್ತು. ನನ್ನ ಕುಪ್ಪಸ ಬೆನ್ನಿಗೆ ಅಂಟಿತ್ತು. ನಾನು ಪಾಠದಲ್ಲಿ ಹಿಮರೇಖೆ, ಶೀತವಲಯ ಎಂದೆಲ್ಲ ಹೇಳುವವಳು. ಆದರೂ ಬಳ್ಳಾರಿಯ ಮೇ ತಿಂಗಳಲ್ಲಿ ಕೂತು ಚಳಿಯನ್ನು ನಂಬುವುದು ನನ್ನಿಂದಲೂ ಆಗಲಿಲ್ಲ. ಸುಡುವುದೊಂದೇ ಹವಾಮಾನ ಎಂಬಂತೆ ಇಬ್ಬರೂ ಕೂಡಿ ದಿಕ್ಕಿಗೊಂದರಂತೆ ನಾಲ್ಕು ಕಿಟಕಿ ಇಟ್ಟೆವು. ಮುಚ್ಚಲು ಪರದೆ ಬೇಕೇ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೆಲಸದ ನಡುವೆ ಖಾಸಿಂ ಸಾಬರ ಹೆಂಡತಿ ಚಹಾ ಕೊಟ್ಟು, ಉತ್ತರದ ಕಡೆ ಹೋಗುವವಳಿಗೆ ಬೇಕಾಗುತ್ತದೆ ಎಂದು ನನಗೆ ಒಂದಿಷ್ಟು ಹಿಂದಿಯನ್ನೂ ಕಲಿಸಿದರು. ಅದು ಬಳ್ಳಾರಿಯ ಹಿಂದಿ ಎಂಬುದು ಆಮೇಲೆ ತಿಳಿಯಿತು.

ಸಂಗನಕಲ್ಲು

ಹೊರೆ ರೂಢಿಯಾಗಲಿ ಎಂದು ಚೀಲದ ತುಂಬ ಜೋಳ ತುಂಬಿಕೊಂಡು ಬೆಳಿಗ್ಗೆ ನಡೆಯತೊಡಗಿದೆ. ಸಂಗನಕಲ್ಲಿನ ದಾರಿಯಲ್ಲಿ ಹೆಂಗಸರು ತಡೆದು, "ಏನ್ ತಂದೀರಿ ಮಾರಾಕ? ಸ್ಟೀಲಿನ ಸಾಮಾನೇನು?" ಎಂದು ಕೇಳುವರು. ಒಬ್ಬಾಕೆಯಂತೂ ಹಳೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಂದು, ಬದಲಿಗೆ ಡಬರಿ ಕೊಡುತ್ತೀಯೋ ಇಲ್ಲವೋ ಎಂದು ಜಗಳಕ್ಕೆ ನಿಂತಳು. ಚೀಲ ಬಿಚ್ಚಿ ಜೋಳ ತೋರಿಸಿದೆ. ಜೋಳವನ್ನು ಮನೆಯಿಂದ ಹೊತ್ತು ತಂದು ಮತ್ತೆ ಮನೆಗೇ ಹೊತ್ತೊಯ್ಯುತ್ತೇನೆ ಎಂದು ತಿಳಿದ ಮೇಲೆ ಆಕೆ ದನಿ ತಗ್ಗಿಸಿ, ಮನೆಯಲ್ಲಿ ಎಲ್ಲ ಸರಿ ಇದೆಯೇ ಎಂದು ವಿಚಾರಿಸಿದಳು.

ಕಾಲು ಗಟ್ಟಿಯಾದ ಮೇಲೆ ಮೊದಲ ಪರೀಕ್ಷೆಗೂ ಅಲ್ಲಿಗೇ ಹೋದೆ. ಗುಡ್ಡದ ಬುಡದಲ್ಲಿ ಡೇರೆ ಹಾಕಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಚಹಾಕ್ಕೆ ನೀರಿಟ್ಟೆ. ಹೊತ್ತು ಮುಳುಗುವಾಗ ಬ್ಯಾ ಬ್ಯಾ ಎನ್ನುತ್ತ ಇಡೀ ಗುಡ್ಡವೇ ಇಳಿದು ಬಂದಂತಾಯಿತು. ಕುರಿ ಹಿಂಡು. ಹಿಂದೆ ಕಂಬಳಿ ಹೊದ್ದ ಮುದುಕ.

"ಒಬ್ಬಾಕಿನಾ?" ಎಂದ.

ಹೌದು ಎಂದೆ, ಹೆಮ್ಮೆಯಿಂದಲೇ.

"ಛೆ ಛೆ," ಎಂದವನೇ ಹಿಂಡನ್ನು ಡೇರೆಯ ಸುತ್ತ ತರುಬಿ ಮಲಗಿಸಿದ. "ನಡುವ ಮಕ್ಕೋ ತಾಯಿ. ಇವು ಅದಾವಂದ್ರ ತ್ವಾಳ ಮೊದ್ಲು ಇವನ್ನ ಹಿಡೀತೈತಿ." ತಾನೂ ಅಲ್ಲೇ ಬಂಡೆಗೆ ಒರಗಿದ. ನಾಲ್ಕು ಕಿಟಕಿಯಿಂದಲೂ ಕುರಿಗಳು ಬೆಳಗಿನವರೆಗೆ ನನ್ನ ಮೇಲೆ ಉಸಿರು ಬಿಟ್ಟವು.

"ಕುರಿ ಲೆಕ್ಕಕ್ಕಿಲ್ಲ," ಎಂದು ಅಪ್ಪ ತೀರ್ಪು ಕೊಟ್ಟ. "ಕುರಿ ಕಾಯಾಂವ ಲೆಕ್ಕಕ್ಕದಾನ." ಮೊದಲ ಸಲ ಫೇಲು.

ಕುರುಗೋಡು

ಕುರುಗೋಡಿನಲ್ಲಿ ಇನ್ನೂ ಜಾಣತನ ಮಾಡಿದೆ. ಊರ ದೊಡ್ಡ ಬಸವಣ್ಣನಿಗೆ ಕೈಮುಗಿದು, ಗುಡ್ಡದ ಆಚೆಯ ಮಗ್ಗುಲಿಗೆ ಹೋಗಿ, ದಾರಿಗೆ ಕಾಣದ ಹಾಗೆ ಬಂಡೆಗಳ ಸಂದಿಯಲ್ಲಿ ಡೇರೆ ಹೂಡಿದೆ. ಆದರೆ ಕಟ್ಟಿಗೆ ಆರಿಸುವವರಿಗೆ ದಾರಿ ಬೇಕಿಲ್ಲವಲ್ಲ. ಈರಮ್ಮ ಎಂಬಾಕೆ ತಲೆ ಮೇಲೆ ಹೊರೆ ಹೊತ್ತು ಬಂಡೆ ಇಳಿದು ನೇರ ನನ್ನ ಮುಂದೆ ನಿಂತಳು.

"ಒಬ್ಬಾಕಿನಾ?"

ಸಂಜೆ ಆಕೆ ಮತ್ತೆ ಬಂದಳು. ಕೈಯಲ್ಲಿ ರೊಟ್ಟಿ ಪುಂಡಿಪಲ್ಯ, ಕಂಕುಳಲ್ಲಿ ಚಾಪೆ, ಹಿಂದೆ ಅತ್ತೆ. ನಾನು ಕೈಮುಗಿದೆ. "ನಿಮ್ಮ ಉಪಕಾರ ದೊಡ್ಡದ್ರಿ. ಆದ್ರ ನನಗ ಈ ಹೊತ್ತು ಒಬ್ಬಾಕಿನ ಇರಬೇಕಾಗೈತ್ರಿ."

"ಇರು, ಯಾರ್ ಬ್ಯಾಡಂದ್ರು?" ಎಂದಳು ಈರಮ್ಮ ಚಾಪೆ ಹಾಸುತ್ತ. "ನಾವು ಮಾತಾಡಂಗಿಲ್ಲ."

ಆಕೆ ಮಾತು ಉಳಿಸಿಕೊಂಡಳು, ರೊಟ್ಟಿ ಮುಗಿಯುವ ತನಕ. ಆಮೇಲೆ ಅತ್ತೆ ನನ್ನ ಕೈ ಹಿಡಿದು, "ಗಂಡನ ಜೋಡಿ ಜಗಳ ಆಡಿ ಬಂದಿ ಹೌದಲ್ಲೋ? ನಮ್ಮ ತಮ್ಮ ಹಿರೇಮನಷ್ಯ ಅದಾನ, ಹೋಗಿ ಬುದ್ಧಿ ಹೇಳ್ತಾನ," ಎಂದಳು. ನನಗೆ ಗಂಡ ಇಲ್ಲ ಎಂದೆ. ಇಬ್ಬರೂ ಕಣ್ಣೊರೆಸಿಕೊಂಡರು. ಇನ್ನೂ ಮದುವೆಯಾಗಿಲ್ಲ ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಮದುವೆಯಾಗಿಲ್ಲ ಎಂದರೆ ಅದಕ್ಕೂ ತಮ್ಮನೇ ಬೇಕಂತೆ, ಅವನಿಗೆ ಒಳ್ಳೊಳ್ಳೆ ಮನೆತನ ಗೊತ್ತಂತೆ.

ಖಾಸಿಂ ಸಾಬರ ಕಿಟಕಿಗಳಿಗೆ ಮಾತ್ರ ಅಲ್ಲಿ ಭಾರೀ ಮೆಚ್ಚುಗೆ ಸಿಕ್ಕಿತು. ಬಂಡೆಗಳ ಕಾವು ಇಳಿದು ತಂಗಾಳಿ ಎದ್ದಾಗ ನಾವು ಮೂವರೂ ಒಂದೊಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಮಲಗಿದ್ದೆವು. ಒಂದು ಕಿಟಕಿ ಖಾಲಿ ಉಳಿಯಿತು. ಅದಕ್ಕೆ ತನ್ನ ನಾದಿನಿಯನ್ನೂ ಕರೆತರಬೇಕಿತ್ತು ಎಂದು ಈರಮ್ಮ ಪೇಚಾಡಿದಳು.

ನಮ್ಮ ಸೀಮೆಯಲ್ಲಿ ಒಂಟಿತನವೆಂಬುದು ಜ್ವರದ ಹಾಗೆ; ಕಂಡವರೆಲ್ಲ ಮದ್ದು ತಂದುಕೊಡುತ್ತಾರೆ. ಅಪ್ಪನಿಗೆ ಇದು ಮೊದಲೇ ಗೊತ್ತಿತ್ತು ಎಂಬುದು ನನಗೆ ಆಗ ಹೊಳೆಯಿತು. ತೋಳಕ್ಕೆ, ಕಳ್ಳರಿಗೆ ನಾನು ಹೆದರಿ ಓಡಿ ಬರುತ್ತೇನೆಂದು ಆತ ಆ ಷರತ್ತು ಹಾಕಿರಲಿಲ್ಲ. ಬಳ್ಳಾರಿ ಜಿಲ್ಲೆಯ ಜನರನ್ನು ನಂಬಿ ಹಾಕಿದ್ದ. ನನಗೆ ಸಿಟ್ಟು ಬಂತು, ಹಟವೂ ಬಂತು.

ಸಿರುಗುಪ್ಪ

ಮೋಡ ಕಟ್ಟತೊಡಗಿತ್ತು. ಇದೇ ಕೊನೆಯ ಅವಕಾಶ. ಇದು ತಪ್ಪಿದರೆ ಹಿಮಾಲಯ ಕರಿಹಲಗೆಯ ಮೇಲೇ ಉಳಿಯುವುದು ಎಂದು ಸ್ಪಷ್ಟವಾಗಿತ್ತು. ಎಲ್ಲಿಗೆ ಹೋಗುತ್ತೇನೆ ಎಂಬುದನ್ನು ಅವ್ವನ ಹೊರತು ಯಾರಿಗೂ ಹೇಳಲಿಲ್ಲ.

ತೆಕ್ಕಲಕೋಟೆ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಬಳ್ಳಾರಿಯ ಬಂಡೆ ಹಿಂದೆ ಬಿದ್ದು ಕಾಲುವೆ, ಕೆಸರು, ಭತ್ತದ ಸಸಿಮಡಿ. ಸಿರುಗುಪ್ಪದಲ್ಲಿಳಿದು ಅಕ್ಕಿ ಗಿರಣಿಗಳ ಹೊಟ್ಟಿನ ವಾಸನೆ ದಾಟಿ ಹೊಳೆಯ ದಾರಿ ಹಿಡಿದೆ. ತುಂಗಭದ್ರೆಯಲ್ಲಿ ಇನ್ನೂ ಹೊಸ ನೀರು ಬಂದಿರಲಿಲ್ಲ. ದಂಡೆಯ ಎತ್ತರದಲ್ಲಿ, ಬಳ್ಳಾರಿ ಜಾಲಿಯ ಪೊದೆಗಳ ಮರೆಯಲ್ಲಿ ಜಾಗ ಹುಡುಕುತ್ತಿದ್ದಾಗ ಹರಿಗೋಲು ಮಗುಚಿ ಹಾಕುತ್ತಿದ್ದವನೊಬ್ಬ ನನ್ನನ್ನು ನೋಡಿಯೇಬಿಟ್ಟ.

"ಒಕ್ಕದಾನಿವೇನಾ ಅಮ್ಮಾ?" ಎಂದ.

ಗಡಿಯ ಊರು. ಮಾತು ತೆಲುಗಾದರೂ ಪ್ರಶ್ನೆ ಅದೇ. ಈ ಸಲ ನಾನು ನಿಜ ಹೇಳಲಿಲ್ಲ. "ಇಲ್ಲಪ್ಪಾ, ನಮ್ಮೋರು ಹಿಂದ ಬರಾಕತ್ಯಾರ," ಎಂದೆ. ಆತ ಸಮಾಧಾನದಿಂದ ಹುಟ್ಟು ಹೆಗಲಿಗೇರಿಸಿ ಹೋದ.

ಆಮೇಲೆ ಯಾರೂ ಬರಲಿಲ್ಲ. ಸೊಳ್ಳೆ ಬಂದವು, ನಾಲ್ಕೂ ಕಿಟಕಿಯಿಂದ ದಿಬ್ಬಣ ಬಂದ ಹಾಗೆ ಬಂದವು. ಕಂಬಳಿ ಮುಸುಕೆಳೆದು ಮಲಗಿದೆ. ಭಯವಾಯಿತೇ ಎಂದು ಕೇಳಿದರೆ, ಆಯಿತು. ಹೊಳೆಯ ಸದ್ದು ಯಾರೋ ನಡೆದು ಬಂದಂತೆ ಕೇಳುತ್ತಿತ್ತು. ಆದರೆ ಆ ಭಯ ನನ್ನ ಸ್ವಂತದ್ದು, ಅದನ್ನು ಹಂಚಿಕೊಳ್ಳಲು ಚಾಪೆ ಹಿಡಿದು ಯಾರೂ ಬರುವುದಿಲ್ಲ ಎಂಬುದೇ ಒಂದು ಧೈರ್ಯವಾಗಿ, ಯಾವಾಗಲೋ ನಿದ್ದೆ ಹತ್ತಿತು.

ಬೆಳಗಾದಾಗ ನಾನು ಗೆದ್ದಿದ್ದೆ. ಎದ್ದು ಕೂತು, ಹೊಳೆ ನೋಡೋಣವೆಂದು ಒಂದು ಕಿಟಕಿಯಿಂದ ಮುಖ ಹೊರಗೆ ಹಾಕಿದೆ. ಎದುರಿನ ಜಾಲಿಯ ಬುಡದಲ್ಲಿ ತಲೆಗೆ ಟವಲು ಸುತ್ತಿಕೊಂಡು, ಮೊಣಕಾಲು ಅಪ್ಪಿಕೊಂಡು, ಕೂತಲ್ಲೇ ತೂಕಡಿಸುತ್ತಿದ್ದವನು ನಮ್ಮಪ್ಪ. ಪಕ್ಕದಲ್ಲಿ ಅವ್ವ ಕಟ್ಟಿಕೊಟ್ಟ ಬುತ್ತಿ. ಮುಖದ ತುಂಬ ಸೊಳ್ಳೆ ಕಡಿದ ದದ್ದು. ಹರಿಗೋಲಿನವನಿಗೆ ನಾನು ಹೇಳಿದ ಸುಳ್ಳು ಅಕ್ಷರಶಃ ನಿಜವಾಗಿತ್ತು.

ನನಗೆ ಅಳುವೇ ಬಂತು, ಸಿಟ್ಟಿನಿಂದ. "ಅಪ್ಪಾ, ನೀನ ಬಂದು ಕುಂತ್ರ ನಾ ಒಬ್ಬಾಕಿ ಹೆಂಗ ಆಗ್ತೀನಿ? ಕೆಡಿಸಿದೆಲ್ಲ ಎಲ್ಲಾನೂ."

ಅಪ್ಪ ಕಣ್ಣುಜ್ಜಿಕೊಂಡ. "ನಾ ಇಲ್ಲಿ ಅದೀನಿ ಅಂತ ನಿನಗ ಗೊತ್ತಿತ್ತೇನು?"

"ಇಲ್ಲ."

"ಹಂಗಾರ ನೀ ಒಬ್ಬಾಕಿನ ಇದ್ದಿ. ನೀ ಪಾಸು." ಟವಲು ಬಿಚ್ಚಿ ಜಾಡಿಸಿದ. ಹೊಳೆಯ ಕಡೆ ನೋಡುತ್ತ ಮೆಲ್ಲಗೆ ಅಂದ, "ಫೇಲಾದಂವ ನಾನು. ನೀ ಬಸ್ಸು ಹತ್ತಿದಿ, ನನಗ ಅಂಗಡ್ಯಾಗ ಕುಂದ್ರಾಕ ಆಗಲಿಲ್ಲ. ನಿನ್ನ ಪರೀಕ್ಷೆ ಮುಗೀತವ್ವಾ. ನಂದ ಇನ್ನೂ ಐತಿ."

ಬುತ್ತಿ ಬಿಚ್ಚಿದೆವು. ಹೊಳೆದಂಡೆಯಲ್ಲಿ ಕೂತು ಇಬ್ಬರೂ ರೊಟ್ಟಿ ತಿಂದೆವು.

ಪೋಖರಾದ ಮೇಲೆ

ರೈಲು, ಟಾಂಗಾ, ಬಸ್ಸುಗಳ ಕಥೆ ಬಿಟ್ಟುಬಿಡುತ್ತೇನೆ. ಗುಂತಕಲ್ಲಿನಿಂದ ಗಡಿಯ ರಕ್ಸೌಲಿನವರೆಗೆ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು ಎಂದಷ್ಟೇ ಹೇಳಿದರೆ ಸಾಕು. ಭಾಷೆ ಮಾತ್ರ ಬದಲಾಗುತ್ತಿತ್ತು.

ಪೋಖರಾದಿಂದ ಮೇಲಕ್ಕೆ ಕಲ್ಲು ಮೆಟ್ಟಿಲ ದಾರಿ. ಜೋಳ ಹೊತ್ತ ಬೆನ್ನು ಮೋಸ ಮಾಡಲಿಲ್ಲ. ಅಲ್ಲಿಯ ಹೆಂಗಸರು ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಹೊರುತ್ತಾರೆ. ನಮ್ಮವರ ಹೊರೆ ನೆತ್ತಿಯ ಮೇಲೆ. ನನ್ನ ಹೆಗಲಿನ ಪಟ್ಟಿ ನೋಡಿ ಅವರು ನಕ್ಕರು, ನಾನೂ ನಕ್ಕೆ. ಆದರೆ ಅವರು ನಿಜವಾಗಿ ನಕ್ಕದ್ದು ನನ್ನ ನೀರಿನ ಚೀಲ ಕಂಡು. ಲಾರಿಯವರು ಮುಂದೆ ತೂಗುಹಾಕುವಂಥ ಕ್ಯಾನ್ವಾಸ್ ಚೀಲದ ತುಂಬ ನೀರು ಹೊತ್ತು ಏರುತ್ತಿದ್ದೆ. ಬಳ್ಳಾರಿಯವರು ನೀರಿಲ್ಲದೆ ಮನೆಯ ಹೊಸ್ತಿಲು ದಾಟುವವರೇ? ಇಲ್ಲಿ ಹತ್ತು ಹೆಜ್ಜೆಗೊಂದು ತೊರೆ, ತಿರುವಿಗೊಂದು ನೀರು ಸುರಿಯುವ ಕಲ್ಲಿನ ದೋಣಿ, ಎಲ್ಲ ಸುಮ್ಮನೆ ಹರಿದು ಪೋಲಾಗುತ್ತಿತ್ತು. ಒಬ್ಬಾಕೆ ನನ್ನ ಚೀಲ ಇಸಿದುಕೊಂಡು ನೀರನ್ನೆಲ್ಲ ನೆಲಕ್ಕೆ ಚೆಲ್ಲಿ, ಬೇಕಾದಾಗ ಕುಡಿ ಎಂದು ತೊರೆ ತೋರಿಸಿದಳು. ಒಳ್ಳೆಯದಕ್ಕೇ ಮಾಡಿದಳು. ಆದರೂ ಮಣ್ಣಿಗೆ ಬಿದ್ದ ಆ ನೀರು ಇಂಗುವ ತನಕ ನೋಡುತ್ತ ನಿಂತೆ.

ಊಟಕ್ಕೆ ಕೂತಾಗ ಖಾಸಿಂ ಸಾಬರ ಮನೆಯ ಹಿಂದಿ ಕೈಕೊಟ್ಟಿತು. ಸಾಕು ಎನ್ನಲು "ನಕ್ಕೋ, ನಕ್ಕೋ" ಎಂದೆ. ಬಡಿಸುವವಳಿಗೆ ಏನು ಕೇಳಿಸಿತೋ, ನಕ್ಕೋ ಅಂದಾಗಲೆಲ್ಲ ಒಂದು ಸೌಟು ಅನ್ನ ಬಿತ್ತು. "ಪುಗ್ಯೋ" ಎಂದರೆ ಸಾಕು ಎಂದು ತಿಳಿಯುವಷ್ಟರಲ್ಲಿ ಏಳಲಾರದಷ್ಟು ಉಂಡಿದ್ದೆ. ಅವರ ದಸರಾಕ್ಕೆ ಊರೂರಲ್ಲಿ ಬಿದಿರಿನ ದೊಡ್ಡ ಜೋಕಾಲಿ ಕಟ್ಟುತ್ತಾರೆ. ನಮ್ಮಲ್ಲಿ ಜೋಕಾಲಿ ನಾಗರಪಂಚಮಿಗೆ. ನನ್ನನ್ನೂ ಹತ್ತಿಸಿ ಜೀಕಿದರು. ಉಂಡದ್ದೆಲ್ಲ ಗಂಟಲಿಗೆ ಬಂದರೂ ಇಳಿಯಲಿಲ್ಲ ನಾನು.

ಗುರುಂಗರೆಂಬ ಬೆಟ್ಟದ ಜನರ ಒಂದು ಹಳ್ಳಿಯ ಆಚೆ, ಗದ್ದೆಯ ಅಂಚಿನಲ್ಲಿ ಡೇರೆ ಹೂಡಿದೆ. ಊರಿಗೆ ಊರೇ ಬಂದು ಕಿಟಕಿಗಳಲ್ಲಿ ಕೈ ತೂರಿಸಿ ಆಡಿತು. ಅವರಲ್ಲಿ ನಮ್ಮ ದೇಶದ ಸೈನ್ಯದಲ್ಲಿದ್ದು ಪಿಂಚಣಿಗೆ ಬಂದ ಹಿರಿಯರೊಬ್ಬರಿದ್ದರು. ಅವರು ನನ್ನ ಕಡೆ ತಿರುಗಿ, "ಎಕ್ಲೈ?" ಎಂದರು.

ಅರ್ಥ ಕೇಳುವ ಅಗತ್ಯವೇ ಬೀಳಲಿಲ್ಲ. "ಎಕ್ಲೈ," ಎಂದೆ. ಇನ್ನು ಚಾಪೆ ಬರುತ್ತದೆ, ಅತ್ತೆ ಬರುತ್ತಾಳೆ ಎಂದುಕೊಂಡೆ. ಅವರು ತಲೆಯಾಡಿಸಿ, "ಠೀಕ್ ಹೈ," ಎಂದರು. ಎಲ್ಲರನ್ನೂ ಕರೆದುಕೊಂಡು ಊರೊಳಗೆ ಹೋದರು.

ಯಾರೂ ತಿರುಗಿ ಬರಲಿಲ್ಲ. ಇಡೀ ಪ್ರವಾಸದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಇದೇ. ರೂಢಿಯಂತೆ ಇಬ್ಬರು ಮೂವರಿಗಾಗುವಷ್ಟು ಉಪ್ಪಿಟ್ಟು ತಿರುವಿದ್ದೆ. ಬೆಳಿಗ್ಗೆಯೂ ಅದನ್ನೇ ತಿಂದೆ.

ಕತ್ತಲಾಗುತ್ತಲೇ ಹಿಮಾಲಯದ ಗಾಳಿ ಖಾಸಿಂ ಸಾಬರ ನಾಲ್ಕೂ ಕಿಟಕಿಗಳನ್ನು ಹುಡುಕಿಕೊಂಡು ಬಂತು. ಕಂಬಳಿ ಸಾಲದೆ ಇದ್ದ ಸೀರೆಗಳನ್ನೆಲ್ಲ ಸುತ್ತಿಕೊಂಡೆ. ಅವ್ವ ಇಟ್ಟಿದ್ದ ಸೂಜಿದಾರ ತೆಗೆದು, ನಡುಗುವ ಬೆರಳಲ್ಲಿ ಟವಲು, ಚೀಲದ ಬಟ್ಟೆ, ಲಂಗ ಒಂದೊಂದನ್ನೇ ಅಡ್ಡ ಇಟ್ಟು ಮೂರು ಕಿಟಕಿ ಹೊಲಿದೆ. ನಾಲ್ಕನೆಯದಕ್ಕೆ ಬಟ್ಟೆ ಇತ್ತು, ದಾರವೂ ಇತ್ತು. ಅದು ದಾರಿಯ ಕಡೆಗಿತ್ತು. ಹೊಲಿಯಲಿಲ್ಲ.

ಬೆಳಿಗ್ಗೆ ಎದ್ದು ಮೊದಲು ಆ ಕಿಟಕಿಯಿಂದ ನೋಡಿದೆ. ದಾರಿಯಲ್ಲಿ ಯಾರೂ ಇರಲಿಲ್ಲ. ಮರದ ಬುಡದಲ್ಲಿ ಟವಲು ಸುತ್ತಿದ ತಲೆ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು, ಆದರೂ ಕಣ್ಣು ತುಂಬಿತು. ಆ ಹೊತ್ತು ಅಪ್ಪ ನನಗೆ ಎಷ್ಟು ಹತ್ತಿರವಿದ್ದನೋ ಅಷ್ಟು ಹತ್ತಿರ ಮನೆಯಲ್ಲಿದ್ದಾಗ ಯಾವತ್ತೂ ಇರಲಿಲ್ಲ. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಮೀನಿನ ಬಾಲದಂಥ ಶಿಖರ, ಮೊದಲು ಕೆಂಪು, ಆಮೇಲೆ ತಾಮ್ರ, ಆಮೇಲೆ ಬಿಳಿ. ಇಷ್ಟು ವರ್ಷ ನಾನು ಬಳಸಿದ ನೀಲಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಡೇರೆಯಿಂದ ಹೊರಗೆ ಬಂದು, ಅಷ್ಟು ದೊಡ್ಡ ಪರ್ವತದ ಮುಂದೆ ನಾನೊಬ್ಬಳೇ ನಿಂತೆ. ಬಹಳ ಸಂತೋಷವಾಯಿತು.

ಮತ್ತೆ ಪಾರ್ವತಿನಗರ

ಬಳ್ಳಾರಿ ಸ್ಟೇಷನ್ನಿನಲ್ಲಿ ಅಪ್ಪ ನಿಂತಿದ್ದ. ಯಾವ ಗಾಡಿಗೆ ಬರುತ್ತೇನೆಂದು ನಾನು ತಿಳಿಸಿರಲಿಲ್ಲ. ಚೀಲಕ್ಕೆ ಕೈ ಚಾಚಿದವನು ಏನೋ ನೆನಪಾಗಿ ಕೈ ಹಿಂದಕ್ಕೆ ತೆಗೆದ. "ನೀನ ಹೊತ್ಕೋ," ಎಂದ.

ಮನೆಯ ಪಡಸಾಲೆಯಲ್ಲಿ ಡೇರೆ ಬಿಚ್ಚಿ ಹರವಿದೆ. ಹತ್ತಿ ನೋಡುವ ಕಣ್ಣು ಅಪ್ಪನದು. ಹೊಲಿದ ಮೂರು ಕಿಟಕಿಗಳ ಮೇಲೆ ಬೆರಳಾಡಿಸಿ ನಾಲ್ಕನೆಯದಕ್ಕೆ ಬಂದು ನಿಂತ.

"ಇದೊಂದು ಯಾಕ ಬಿಟ್ಟಿ?"

"ನೋಡಾಕ."

ಆತ ಬಹಳ ಹೊತ್ತು ಆ ಕಿಟಕಿಯ ಅಂಚು ತೀಡುತ್ತ ಕೂತಿದ್ದ. "ಯಾರರ ಇದ್ರೇನು?" ಎಂದ ಕೊನೆಗೆ.

"ಯಾರೂ ಇರಲಿಲ್ಲಪ್ಪಾ. ಒಬ್ಬಾಕಿನ ಇದ್ದೆ."

ಅಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. "ನಾನೂ ಬರಲಿಲ್ಲ ನೋಡು," ಎಂದ.

ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ನಿಂತಿತು. "ನೀ ಹೋದ ಮ್ಯಾಲ ಗುಂತಕಲ್ ತನಕ ಹೋಗಿದ್ದನ್ನ ಹೇಳು ಅನ್ನು ನಿಮ್ಮಪ್ಪಗ," ಎಂದಳು ಅವ್ವ. "ಅದೂ ಎರಡು ಸಲ."

"ಅಲ್ಲಿಂದ ತಿರುಗಿ ಬಂದೀನಲ್ಲ," ಎಂದ ಅಪ್ಪ, ನನ್ನ ಮುಖ ನೋಡದೆ. "ಮುಂದಿನ ಗಾಡಿ ಹತ್ತಲಿಲ್ಲಲ್ಲ. ಏನ್ ಟೀಚರ, ಪಾಸೋ ಫೇಲೋ?"

ನಾನು ಗ್ರೇಸ್ ಮಾರ್ಕ್ಸ್ ಕೊಟ್ಟು ಪಾಸು ಮಾಡಿದೆ.